ಗಿರಣಿ ಆಂಟಿಯ ಇಪ್ಪತ್ತು ಸೆಕೆಂಡು

ಪ್ರೀತಿಯ ಶೋಭಾರಾಣಿ ಆಂಟಿಗೆ,

ನಿಮ್ಮ ಹಿಟ್ಟಿನ ಗಿರಣಿಯ ಮುಂದೆ ಡಬ್ಬಗಳ ಸಾಲು ಕರಗಿಹೋದದ್ದು ನನ್ನಿಂದ. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಸುತ್ತಿ ಬಳಸಿ ಜಾರಿಕೊಳ್ಳುವ ಜಾಯಮಾನ ನನ್ನದು.

ಕಾಲೇಜಿಗೆ ಕಿರುಚಿತ್ರ ಮಾಡಬೇಕೆಂದು ಬಸವೇಶ್ವರನಗರದ ನಿಮ್ಮ ಗಿರಣಿಗೆ ನಾವು ಗೆಳತಿಯರು ಕ್ಯಾಮೆರಾ ತಂದಾಗ, ‘ಇರ್ರೇ, ಸೀರೆ ಬದಲಾಯಿಸ್ಕೊಂಡ್ ಬರ್ತೀನಿ’ ಎಂದು ಓಡಿದಿರಿ. ಆಮೇಲೆ ರಾಗಿ, ಗೋಧಿ ಎಂದು ಹತ್ತು ನಿಮಿಷ ಮಾತಾಡಿದಿರಿ. ಆ ದನಿ, ಆ ಮುಖ ತೆಗೆದುಕೊಂಡು ಎಐನಲ್ಲಿ ಇನ್ನೊಬ್ಬ ಶೋಭಾರಾಣಿಯನ್ನು ಮಾಡಿದೆವು. ಅವಳು ನಿಮ್ಮಂತೆಯೇ ನಗುತ್ತಾ, ‘ನಿಮ್ಮ ಒಳ್ಳೆ ಗೋಧಿ ಒಂಚೂರು ತೆಗೆದಿಟ್ಕೊಂಡು ರೇಷನ್ ಗೋಧಿ ಬೆರೆಸ್ತೀನಿ, ಯಾರಿಗ್ ಗೊತ್ತಾಗುತ್ತೆ?’ ಎನ್ನುತ್ತಾಳೆ. ಸುಳ್ಳು ಸುದ್ದಿ ಹುಟ್ಟುವ ಬಗೆ ತೋರಿಸುವ ಚಿತ್ರ ಅದು. ಕೊನೆಯಲ್ಲಿ ‘ಇದು ನಕಲಿ’ ಎಂದು ಬಿಡಿಸಿ ಹೇಳಿದ್ದೇವೆ. ನಿಮಗೆ ಮಾತ್ರ ಹೇಳಲಿಲ್ಲ. ಹೇಳಿದ್ದರೆ ಬೇಡ ಅನ್ನುತ್ತಿದ್ದಿರಿ.

ಕಾಲೇಜಿನಲ್ಲಿ ಚಿತ್ರ ಓಡುವಾಗ ಕತ್ತಲಲ್ಲಿ ಮುಂದಿನ ಸಾಲಿನ ಹುಡುಗ, ‘ಥೂ, ಎಂಥಾ ಹೆಂಗಸು ಮಗಾ!’ ಅಂದದ್ದು ನನಗೆ ಕೇಳಿಸಿತು. ಮುಗಿದ ಮೇಲೆ ಉದಯಕುಮಾರ್ ಮೇಷ್ಟ್ರು, ‘ಯಾರ್ಯಾರಿಗೆ ನಿಜ ಅನ್ನಿಸ್ತು?’ ಎಂದು ಕೇಳಿದರೆ ಒಂದು ಕೈಯೂ ಮೇಲೇಳಲಿಲ್ಲ. ‘ನೋಡಿದ ತಕ್ಷಣ ಗೊತ್ತಾಯ್ತು ಸಾರ್, ಫೇಕು’ ಎಂದ ಅದೇ ಹುಡುಗ. ಅವನು ನಂಬಿದ್ದು ಕಿವಿಯಾರೆ ಕೇಳಿದ್ದ ನಾನಂತೂ ಬೀಗಿಹೋದೆ. ಅವತ್ತೇ ಆ ನಕಲಿ ಶೋಭಾರಾಣಿ ಮಾತಾಡುವ ಇಪ್ಪತ್ತು ಸೆಕೆಂಡನ್ನು ಟ್ರೈಲರ್ ಎಂದು ಸ್ಟೇಟಸ್‌ಗೆ ಹಾಕಿದೆ. ಕುತೂಹಲ ಉಳಿಯಲಿ ಎಂದು ‘ನಕಲಿ’ ಅನ್ನುವ ಭಾಗ ಬಿಟ್ಟೆ. ಎರಡೇ ದಿನದಲ್ಲಿ ಅದು ಬಡಾವಣೆಯ ಎಲ್ಲ ವಾಟ್ಸಾಪ್ ಗುಂಪುಗಳಲ್ಲಿತ್ತು.

ಅಳಿಸಿದೆ, ಪ್ರಯೋಜನವಾಗಲಿಲ್ಲ. ಅಮ್ಮನಿಗೆ ನಿಜ ಹೇಳಿದೆ. ‘ಸುಳ್ಳು ಅಂತ ಗೊತ್ತಾಯ್ತು ಕಣೇ, ಆದ್ರೂ ಯಾಕೋ ಮನಸ್ಸು ಬರಲ್ಲ’ ಎಂದು ಗೋಧಿ ಡಬ್ಬವನ್ನು ವಿಜಯನಗರದ ಗಿರಣಿಗೆ ಕಳಿಸಿದಳು. ಹೊತ್ತುಕೊಂಡು ಹೋದವಳು ನಾನೇ ಆಂಟಿ, ನಿಮ್ಮ ಬೀದಿ ತಪ್ಪಿಸಿಕೊಂಡು.

ನಿನ್ನೆ ತರಕಾರಿ ಗಾಡಿಯ ಹತ್ತಿರ ನನ್ನ ಕೈ ಹಿಡಿದುಕೊಂಡಿರಿ. ‘ನೀನು ಓದಿದೋಳು, ಆ ವಿಡಿಯೋ ಯಾರ್ ಮಾಡಿದ್ದು ಅಂತ ಒಂಚೂರು ಕಂಡುಹಿಡಿಯಮ್ಮ. ನಿನ್ನ ಬಿಟ್ಟು ಇನ್ಯಾರನ್ನ ಕೇಳ್ಲಿ?’ ಎಂದಿರಿ. ‘ನೋಡ್ತೀನಿ ಆಂಟಿ’ ಎಂದೆ. ನಿಮ್ಮ ಅಂಗೈಯಲ್ಲಿ ಹಿಟ್ಟಿಲ್ಲದ್ದನ್ನು ನಾನು ನೋಡಿದ್ದು ಅದೇ ಮೊದಲು.

ಭಾನುವಾರ ಬೆಳಿಗ್ಗೆ ಬರುತ್ತೇನೆ. ಬೀದಿಯವರ ಮುಂದೆಯೇ ಎಲ್ಲವನ್ನೂ ಹೇಳುತ್ತೇನೆ, ಅವರ ಮುಂದೆಯೇ ಬೈಯಿರಿ. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ನಿಮ್ಮ ಗಿರಣಿಗೆ ಬಿಡುವಿಲ್ಲದಷ್ಟು ಕೆಲಸ ಬರಲಿ.

ನೀವು ಹುಡುಕುತ್ತಿರುವವಳು,
ಮಾಲವಿಕಾ