ಸೇತುವೆಯಾಚೆಯ ಕೆಂಪು ಟೋಪಿ

ಹಾಲ್ವರ್ಸನ್ ಮೇಡಂ ಅವರಿಗೆ,

ಶನಿವಾರ ನಮ್ಮ ಶಾಲೆಯ ಆನರ್ ಸೊಸೈಟಿಯ ವಿದ್ಯಾರ್ಥಿಗಳು ಹೆದ್ದಾರಿಯ ಕಸ ಎತ್ತುವಾಗ ಸೇತುವೆಯಾಚೆಯ ಭಾಗವನ್ನು ನನಗೊಬ್ಬಳಿಗೇ ಬಿಟ್ಟುಕೊಡಿ. ದಮ್ಮಯ್ಯ ಅಂತೀನಿ.

ಅಲ್ಲೊಂದು ಕಂಬದ ಬುಡದಲ್ಲಿ ಮರದ ಶಿಲುಬೆ, ಪ್ಲಾಸ್ಟಿಕ್ ಹೂವು, ಕೆಂಪು ಟೋಪಿ ಇವೆ. ನನ್ನ ಅಣ್ಣ ಟ್ರೆವರ್‌ನ ಕಾರು ಬಡಿದದ್ದು ಆ ಕಂಬಕ್ಕೇ, ಅವನು ತೀರಿಕೊಂಡದ್ದೂ ಅಲ್ಲೇ. ಅವನ ಟೋಪಿಯನ್ನೂ ಉಳಿದದ್ದನ್ನೂ ನೆನಪಿಗೆಂದು ಇಟ್ಟವಳು ಅಮ್ಮ. ನಾನು ಸೇರುವ ಮೊದಲು, ಹೋದ ವಸಂತದಲ್ಲಿ, ನಮ್ಮ ಸೊಸೈಟಿಯವರೇ ಅಲ್ಲಿದ್ದ ಹಳೆಯ ಶಿಲುಬೆಯನ್ನು ಕಸದ ಚೀಲಕ್ಕೆ ತುಂಬಿದ್ದರು. "ಎರಡನೇ ಸಲ ಕಳ್ಕೊಂಡೆ ಕಣೇ ಅವನನ್ನ" ಎಂದು ಅಮ್ಮ ಅತ್ತಳು. ತೆಗೆದವರು ಯಾರೆಂದು ಅವಳಿಗೆ ಇಂದಿಗೂ ಗೊತ್ತಿಲ್ಲ.

ಸೊಸೈಟಿಯ ಅಧ್ಯಕ್ಷ ಕೋಲ್ಬಿಯನ್ನು ಕೇಳಿ ನೋಡಿದೆ. "ರಸ್ತೆ ಬದಿ ಏನಿದ್ರೂ ತೆಗೀಬೇಕು, ರೂಲ್ಸ್ ಅಂದ್ರೆ ರೂಲ್ಸ್. ಯಾರದ್ದೋ ಹಳೇ ಟೋಪಿಗೆ ಇಷ್ಟೊಂದು ಯಾಕೆ ಒದ್ದಾಡ್ತೀಯಾ?" ಅಂದ. ಅದು ಯಾರದೆಂದು ಅವನಿಗೆ ಹೇಳದೆ ನಿಮಗೆ ಬರೆಯುತ್ತಿದ್ದೇನೆ.

ತೆಗೆಯಲೇಬೇಕೆಂದರೆ ನಾನೇ ತೆಗೆಯುತ್ತೇನೆ. ಕಸದ ಚೀಲಕ್ಕೆ ಮಾತ್ರ ಹಾಕಿಸಬೇಡಿ.

ಮೊನ್ನೆ ಸಭೆಯಲ್ಲಿ "ಎಲ್ಲರೂ ಸೊಸೈಟಿ ಪಿನ್ ಹಾಕ್ಕೊಂಡಿದಾರೆ, ನಿಂದೆಲ್ಲಮ್ಮಾ?" ಎಂದು ಕೇಳಿದಿರಿ.

ಒಳ್ಳೆಯ ಅಂಕ ಬಂದು ಸೊಸೈಟಿಗೆ ಸೇರಿ ಪಿನ್ ಸಿಕ್ಕಿದ ದಿನವೇ ಅಮ್ಮ ಅದನ್ನು ಕೇಳಿ ಪಡೆದಳು. "ನಿಂಗೆ ಲೆಕ್ಕ ಹೇಳ್ಕೊಟ್ಟೋನು ಅವನಲ್ವಾ, ಮೊದ್ಲು ಅವನು ಹಾಕ್ಕೊಳ್ಳಲಿ" ಅಂದಳು.

ಅದು ಆ ಕೆಂಪು ಟೋಪಿಯ ಮೇಲಿದೆ, ಮೇಡಂ.

ನಿಮ್ಮ ವಿದ್ಯಾರ್ಥಿನಿ,
ಕೊರಿನ್ ಹ್ಯಾಡ್ಲಿ