ಚಾವಣಿ ದಾಟದ ಮಾತು

ಜೂನ್ 14, ಶನಿವಾರ

ಟ್ಯಾಕೆಟ್‌ನ ಭುಜದ ಮೂಳೆ ಮುರಿದಿದೆಯಂತೆ. ಇವತ್ತಿನ ರೇಸಿನಲ್ಲಿ ಅವನ ಕಾರನ್ನು ಟ್ರ್ಯಾಕಿನ ಗೋಡೆಗೆ ಗುದ್ದಿಸಿದ್ದು ನನ್ನ ತಮ್ಮ ರಾಯ್ಸ್. ಆದರೆ ನಿದ್ದೆ ಬಾರದಿರುವುದು ನನಗೆ.

ರೇಸಿನುದ್ದಕ್ಕೂ ಗ್ಯಾಲರಿಯ ಚಾವಣಿಯ ಮೇಲೆ ನಿಂತು ರೇಡಿಯೋದಲ್ಲಿ ರಾಯ್ಸ್‌ಗೆ ದಾರಿ ಹೇಳುವವನು ನಾನು. ಟ್ಯಾಕೆಟ್‌ಗೆ ಹೇಳುವ ಮುದುಕ ಹೋಬಾರ್ಟ್ ಪಕ್ಕದಲ್ಲೇ ಇರುತ್ತಾನೆ. ಮೊದಲು ಟ್ಯಾಕೆಟ್ ಹಿಂದಿನಿಂದ ಗುದ್ದಿ, ರಾಯ್ಸ್‌ನ ಕಾರು ಗಿರ್ರನೆ ತಿರುಗಿದಾಗ ಹೋಬಾರ್ಟ್ ನನ್ನ ತೋಳು ಮುಟ್ಟಿದ.

"ಬ್ರೇಕ್ ಹಿಡೀಲಿಲ್ವಂತೆ ಕಣಯ್ಯ. ತಪ್ಪಾಯ್ತು ಅಂತಿದ್ದಾನೆ, ನಿನ್ನ ತಮ್ಮಂಗೆ ಹೇಳ್ಬಿಡು."

ಒಬ್ಬ ಡ್ರೈವರಿನ ರೇಡಿಯೋ ಇನ್ನೊಬ್ಬನಿಗೆ ಕೇಳಿಸುವುದಿಲ್ಲ; ಅವರ ಕ್ಷಮೆ ದಾಟುವುದು ನಮ್ಮ ಬಾಯಿಂದಲೇ. ಸಿಟ್ಟಿನಲ್ಲಿ ನಾನು ರೇಡಿಯೋ ಗುಂಡಿ ಒತ್ತಲಿಲ್ಲ. ಆಮೇಲೆ ಹೇಳಿದರಾಯಿತು ಅಂದುಕೊಂಡೆ. ಅಷ್ಟರಲ್ಲಿ ರಾಯ್ಸ್ ಸೇಡು ತೀರಿಸಿಕೊಂಡಿದ್ದ.

ಮನೆಗೆ ಬರುವಾಗ ಅವನೇ ಕೇಳಿದ: "ತಪ್ಪಾಯ್ತು ಅಂತ ಒಂದು ಮಾತು ಅಂದಿದ್ರೆ ಬಿಟ್ಬಿಡ್ತಿದ್ದೆ ಕಣಣ್ಣ. ಅನ್ಲೇ ಇಲ್ಲ ಅಲ್ವಾ ಅವನು?"

ಕಿಟಕಿಯಾಚೆ ನೋಡುತ್ತಾ ಇಲ್ಲ ಅಂದುಬಿಟ್ಟೆ.