ತೂರುವವರ ಕಣದಿಂದ

ಹದಿಮೂರನೆಯ ತಿಂಗಳ ನಾಲ್ಕನೆಯ ದಿನ, ಕ್ರಿ.ಶ. ೨೪೩೧
ಕಪ್ಪತಗುಡ್ಡ

ಹಿಂದಿನವರೇ,

ಹದಿಮೂರನೆಯ ತಿಂಗಳೇ ಎಂದು ಹುಬ್ಬೇರಿಸಬೇಡಿ. ಆಷಾಢದ ಗಾಳಿ ನಮ್ಮಲ್ಲಿ ಎಷ್ಟು ಬೆಳೆಯಿತೆಂದರೆ, ಅದಕ್ಕೇ ಒಂದು ತಿಂಗಳು ಬಿಟ್ಟುಕೊಟ್ಟೆವು. ನನ್ನ ಮಾತು ಅಲ್ಲಲ್ಲಿ ಸೊಟ್ಟಗೆ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಫಕೀರವ್ವ, ಈ ಗುಡ್ಡದೂರಿನ ಮಾತುಗಾವಲಿನವಳು. ಹಳೆಯ ಕ್ರಿಯಾಪದಗಳು ಎಲ್ಲಿಂದ ಬಂದವು, ಯಾವ ದಾರಿ ಹಿಡಿದವು ಎಂದು ಮಕ್ಕಳಿಗೆ ಹೇಳಿಕೊಡುವುದು ನನ್ನ ಕೆಲಸ.

ಈಗ ‘ತೂರು’ ಎಂಬ ಮಾತಿಗೆ ಕುತ್ತು ಬಂದಿದೆ. ನಿಮ್ಮ ಅಜ್ಜಿಯರು ಮೊರದಲ್ಲಿ ಜೋಳ ಎತ್ತಿ ಗಾಳಿಗೆ ತೂರಿದರು. ಹೊಟ್ಟು ಹಾರಿತು, ಕಾಳು ಕಾಲ ಬಳಿ ಬಿತ್ತು. ಆಮೇಲೆ ಯಂತ್ರ ಬಂತು. ಗಾಳಿ ಬಂದಾಗ ತೂರಿಕೋ ಎಂಬ ಗಾದೆಯಷ್ಟೇ ಉಳಿದು, ಸಮಯಸಾಧಕರ ಬಾಯಿಗೆ ಬಿತ್ತು. ನಿಮ್ಮ ಕಾಲದ ಸುದ್ದಿಗಳಲ್ಲಂತೂ ಜನ ತೂರುವುದು ಕಲ್ಲನ್ನೇ. ಯಂತ್ರಗಳು ನಿಂತ ಮೇಲೆ ನಾವು ಮತ್ತೆ ಮೊರ ಹಿಡಿದೆವು, ಜಗಳಗಳನ್ನೂ ಕಣಕ್ಕೆ ತಂದೆವು. ಯಾರ ಮೇಲಾದರೂ ದೂರು ಬಂದರೆ ಒಬ್ಬರು ಜೋಳ ತೂರುತ್ತಾರೆ. ದೂರುವವರು ಗಾಳಿಯ ಕೆಳಮಗ್ಗುಲಲ್ಲಿ ನಿಂತು, ಮೈಮೇಲೆ ಹೊಟ್ಟು ಸುರಿಯುವಾಗಲೇ ಹೇಳಬೇಕು. ಕಣ್ಣಿಗೆ ಧೂಳು ಬಿದ್ದರೂ ಬಿಡದೆ ಹೇಳಿದ ಮಾತು ಮಾತ್ರ ಲೆಕ್ಕಕ್ಕೆ. ಸುಳ್ಳಿಗಾಗಿ ಅಷ್ಟು ತುರಿಕೆ ಸಹಿಸುವವರು ಕಡಿಮೆ. ಈ ವಿಚಾರಣೆಯನ್ನೂ ತೂರುವುದು ಎಂದೇ ಕರೆಯುತ್ತೇವೆ. ದೂರು ಬಂದವರನ್ನು ತೂರಬೇಕು ಎಂಬುದು ಊರ ಕಟ್ಟಳೆ.

ಈ ಸಲ ದೂರು ಬಂದಿರುವುದು ನನ್ನ ಮೊಮ್ಮಗಳು ನೀಲಗಂಗಿಯ ಮೇಲೆ. ಬಯಲಿನಿಂದ ಹಸಿದು ಬಂದವರಿಗೆ ಊರಿನ ಬೀಜದ ಜೋಳ ಕೊಟ್ಟಳು. ಕೊಟ್ಟೆನೆಂದು ತಾನೇ ಹೇಳಿದಳು. ಊರ ಹಿರಿಯ ದ್ಯಾಮಣ್ಣ, ಕೊಟ್ಟದ್ದಲ್ಲ, ಮಾರಿದ್ದು ಎನ್ನುತ್ತಾನೆ. ಅವಳನ್ನು ಗುಡ್ಡದಿಂದ ಇಳಿಸಿಬಿಡಬೇಕಂತೆ, ವಿಚಾರಣೆಯೂ ಬೇಡವಂತೆ. “ಕಣ ಯಾಕ ಬೇಕು? ತೂರೂದಂದ್ರ ಒಗಿಯೂದು. ಹಳೇ ಮಂದಿ ಹಂಗ ಬರದಾರ,” ಎಂದು ಸಭೆಯಲ್ಲಿ ನಿಮ್ಮನ್ನೇ ಸಾಕ್ಷಿಗೆ ಕರೆದ. ನನಗೆ ಸಿಟ್ಟು ನೆತ್ತಿಗೇರಿತು. “ಯಪ್ಪಾ, ಬರೇ ಒಗಿಯೂ ಮಂದಿಗೆ ಮೊರ ಯಾಕ ಬೇಕಿತ್ತು?” ಎಂದೆ. ಸಭೆ ನಕ್ಕಿತು. ಕಣ ಸಿಕ್ಕಿತು.

ನಾಳೆ ಮೊರ ಹಿಡಿಯುವವಳು ನಾನು. ದ್ಯಾಮಣ್ಣನನ್ನು ಕೆಳಮಗ್ಗುಲಲ್ಲಿ ನಿಲ್ಲಿಸುತ್ತೇನೆ. ಎರಡನೆಯ ಮೊರಕ್ಕೇ ಅವನ ಬಾಯಿ ಕಟ್ಟುತ್ತದೆ, ನೋಡುತ್ತಿರಿ. ನೀಲಗಂಗಿಗೆ ರೊಟ್ಟಿ ತಿಂದು ಮಲಗು ಎಂದಿದ್ದೇನೆ.

ನಿಮ್ಮಲ್ಲಿ ಕೋರುವುದು ಇಷ್ಟೇ. ಕಣದಲ್ಲಿ ತೂರಿದವರು ನಿಮ್ಮ ನಡುವೆ ಇನ್ನೂ ಇದ್ದಾರೆ. ಹೋಗಿ ಕೇಳಿ, ಅವರ ಕೈಕೆಲಸವನ್ನು ಇದ್ದ ಹಾಗೆ ಬರೆದಿಡಿ. ನಾನಿರುವ ತನಕ ಚಿಂತೆಯಿಲ್ಲ. ನನ್ನ ನಂತರವೂ ನಿಮ್ಮಿಂದ ಕಲ್ಲು ತೂರಿದ ಸುದ್ದಿಯೊಂದೇ ಬಂದರೆ, ಇನ್ನಾವಳೋ ಹುಡುಗಿ ನಿಮ್ಮ ಮಾತಿನ ಮೇಲೆ ಗುಡ್ಡ ಇಳಿಯುತ್ತಾಳೆ.

ಫಕೀರವ್ವ